ಕ್ಯಾಮೆರಾದ ಮುಂದೆ ಬಾಡಿಗೆದಾರರು

ಹಿಂದೆ ಥಿಯೇಟರುಗಳಲ್ಲಿ ಮುಖ್ಯ ಚಿತ್ರ ಶುರುವಾಗುವ ಮೊದಲು ಸರಕಾರದ ಫಿಲ್ಮ್ಸ್ ಡಿವಿಜನ್ನಿನ ಸಾಕ್ಷ್ಯಚಿತ್ರ ತೋರಿಸುತ್ತಿದ್ದರು. ಅನೇಕರು ಆಗ ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಅವರನ್ನು ದೂರುವುದು ಸರಿಯಲ್ಲ. ಯಾರೋ ಕಾಣದ ಮಹಾಶಯರು ಗಂಭೀರ ಧ್ವನಿಯಲ್ಲಿ ಬಡವರ ವಿಷಯ ಹೇಳುತ್ತಿರುತ್ತಾರೆ. ಬಡವರು ಮಾತ್ರ ಬಾಯಿ ಬಿಡುವುದೇ ಅಪರೂಪ. ಈ ಪದ್ಧತಿಯನ್ನು ಬಲು ಹಿಂದೆಯೇ ಮುರಿದ ಒಂದು ಚಿತ್ರದ ಸಂಗತಿಯನ್ನು ವಾಚಕರಿಗೆ ತಿಳಿಸಬೇಕೆಂದಿದ್ದೇನೆ.

1935ರಲ್ಲಿ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟಿ ಎಂಬವರು ಇಂಗ್ಲೆಂಡಿನಲ್ಲಿ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಚಿಕ್ಕ ಚಿತ್ರ ತೆಗೆದರು. ಲಂಡನ್ನಿನ ಪೂರ್ವಕ್ಕಿರುವ ಸ್ಟೆಪ್ನಿಯಲ್ಲಿ ಕೂಲಿಕಾರರ ಹಳೆಯ ಮನೆಗಳಿದ್ದವು. ಆ ಕಾಲದ ಧ್ವನಿಯಂತ್ರವೆಂದರೆ ಭಾರೀ ಸಾಮಾನು. ಅದನ್ನು ಅಲ್ಲಿಗೇ ಒಯ್ದು, ಆ ಖೋಲಿಗಳಲ್ಲಿ ಬಾಡಿಗೆದಾರರನ್ನೇ ನಿಲ್ಲಿಸಿ ಮಾತಾಡಿಸಿದರು. ಅವರ ಸಂಕೋಚ ಬಿಡಿಸಿ ಮಾತಿಗೆ ಅಣಿಗೊಳಿಸಿದವರು ರೂಬಿ ಗ್ರಿಯರ್ಸನ್ ಎಂಬ ಮಹಿಳೆ.

ಒಬ್ಬಾಕೆ ತನ್ನ ಮನೆ ಹೇಗೆ ವಾಲಿದೆಯೆಂದು ಹೇಳುತ್ತಾಳೆ. ಇನ್ನೊಬ್ಬಾಕೆ ಇಲಿಯೊಡನೆ ನಡೆದ ಯುದ್ಧವನ್ನು, ನಮ್ಮ ಚಾಳಿನ ಹೆಂಗಸರು ನಳದ ಬಳಿ ಹೇಳುವ ಹಾಗೆಯೇ, ಬಣ್ಣಿಸುತ್ತಾಳೆ. ಒಬ್ಬ ತಂದೆ ಆ ಮನೆಗೆ ಬಂದ ಮೇಲೆ ಮಕ್ಕಳನ್ನು ಕಳೆದುಕೊಂಡೆನೆನ್ನುತ್ತಾನೆ, ಅಳುವುದಿಲ್ಲ. ಆರೋಗ್ಯಾಧಿಕಾರಿಯ ವರದಿಯಲ್ಲಿ ಇದೇ ಸಂಗತಿ ಶಿಶುಮರಣದ ಕೋಷ್ಟಕದಲ್ಲಿ ಒಂದು ಅಂಕಿ. ಗಾಳಿಯಾಡದ ಖೋಲಿಯಲ್ಲಿ ಕ್ಷಯರೋಗಿ ಕೆಮ್ಮಿದರೆ ರೋಗಾಣು ಅಲ್ಲೇ ತೇಲುತ್ತಿದ್ದು ಜತೆಗೆ ಮಲಗಿದವರಿಗೂ ತಗಲುತ್ತದೆಂದು ಡಾಕ್ಟರರು ಹೇಳಿದರೆ ನಾವು ತಲೆಯಾಡಿಸಿ ಮರೆಯುತ್ತೇವೆ. ಆ ತಂದೆಯ ಮುಖ ಮರೆಯುವುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಚಿತ್ರಕ್ಕೆ ಹಣ ಕೊಟ್ಟದ್ದು ಗ್ಯಾಸ್ ಕಂಪನಿಗಳ ಸಂಘ. ಹೊಸ ಮನೆಗಳು ಕಟ್ಟಿದರೆ ಗ್ಯಾಸ್ ಒಲೆಗಳು ಖರ್ಚಾಗುತ್ತವಲ್ಲ! ಹಳೆಯ ಮನೆಗಳ ಬಾಡಿಗೆ ಎಣಿಸಿಕೊಂಡ ಮಾಲೀಕನನ್ನು ಹುಡುಕಿಕೊಂಡು ಕ್ಯಾಮೆರಾ ಹೋಗಲಿಲ್ಲ.

ಮಾಲೀಕನನ್ನು ರಂಗಕ್ಕೆ ಎಳೆದದ್ದು ನಾಟಕ. 1938ರಲ್ಲಿ ನ್ಯೂಯಾರ್ಕಿನ ‘ಒನ್ ಥರ್ಡ್ ಆಫ್ ಎ ನೇಷನ್’ ಎಂಬ ‘ಜೀವಂತ ಪತ್ರಿಕೆ’ಯಲ್ಲಿ ಒಂದು ಹಸಿರು ಹಾಸೇ ಊರಿನ ಜಮೀನು. ಮಾಲೀಕ ಅದನ್ನು ತುಂಡುತುಂಡಾಗಿ ಬಾಡಿಗೆಗೆ ಕೊಡುತ್ತಾನೆ. ಜನ ಒತ್ತಿಕೊಂಡು ಕೂರುತ್ತಾರೆ. ಶಾಸನಸಭೆಯಲ್ಲಿ ಸದಸ್ಯರು ಆಡಿದ ಮಾತುಗಳನ್ನೂ ಕಡತದಿಂದ ಎತ್ತಿ ನಟರ ಬಾಯಲ್ಲಿ ಆಡಿಸಿದರು. ನಿರುದ್ಯೋಗಿ ಕಲಾವಿದರಿಗಾಗಿ ಸರಕಾರವೇ ನಡೆಸುತ್ತಿದ್ದ ಈ ರಂಗಯೋಜನೆಗೆ 1939ರಲ್ಲಿ ಅದೇ ಶಾಸನಸಭೆ ಹಣ ನಿಲ್ಲಿಸಿತು.

ಮುಂಬಯಿಯ ಬಗ್ಗೆಯೂ ಇಂಥ ಚಿತ್ರವಿದೆ: ಆನಂದ ಪಟವರ್ಧನರ ‘ಹಮಾರಾ ಶಹರ್’, 1985ರದು. ಕಾರ್ಪೊರೇಷನ್ ಗುಡಿಸಲು ಕೆಡವುವುದು, ಮಳೆಯಲ್ಲಿ ಸಾಮಾನು ಹೊತ್ತ ಸಂಸಾರಗಳು, ಎಲ್ಲವೂ ಅದರಲ್ಲಿವೆ. ಬೀದಿಬದಿಯ ಒಬ್ಬ ತಾಯಿ ಚಿತ್ರ ತೆಗೆಯುವವರ ಮೇಲೆಯೇ ತಿರುಗಿ ಬೀಳುತ್ತಾಳೆ. ನಮ್ಮ ಚಿತ್ರ ತೆಗೆದು ಹೆಸರು ನಿಮಗೆ, ನಮಗೇನು ಎಂಬುದು ಆಕೆಯ ಪ್ರಶ್ನೆ. ಪಟವರ್ಧನರು ಅದನ್ನು ಕತ್ತರಿಸಲಿಲ್ಲ, ಚಿತ್ರದಲ್ಲಿಯೇ ಉಳಿಸಿದ್ದಾರೆ.