ಮೊದಲು ಚೀಟಿ, ನಂತರ ಮಾತು: ಕ್ರಿಯಾ ಯೋಜನೆಯ ಪೂರ್ವಭಾವಿ ಸಭೆಗೊಂದು ವಿಧಾನ

ಕ್ರಿಯಾ ಯೋಜನೆ ಕುರಿತ ಸಭೆಯಲ್ಲಿ ಮೊದಲು ಮಾತನಾಡಿದ ಸದಸ್ಯರು ಸಿ.ಸಿ. ರಸ್ತೆಯನ್ನು ಪ್ರಸ್ತಾಪಿಸಿದರೆ, ಮುಂದಿನ ಒಂದು ಗಂಟೆ ಯಾವ ಓಣಿಯ ರಸ್ತೆ ಎಂಬ ಚರ್ಚೆಯಲ್ಲಿಯೇ ಕಳೆಯುವುದು ಅಪರೂಪವೇನಲ್ಲ. ನವಲಗುಂದ ಭಾಗದಲ್ಲಿ ಕಾಲುವೆ ನೀರಿನಿಂದ ತುಂಬಿಸುವ ಕುಡಿಯುವ ನೀರಿನ ಕೆರೆಯ ಹೂಳು, ಬೆಣ್ಣಿಹಳ್ಳದ ದಂಡೆಯ ಊರುಗಳಲ್ಲಿ ಮಳೆಗಾಲಕ್ಕೆ ಮುಳುಗುವ ಹೊಲದ ದಾರಿ ಇಂತಹ ವಿಷಯಗಳು ಸಭೆಯಲ್ಲಿ ಕುಳಿತವರಿಗೆ ತಿಳಿದಿದ್ದರೂ ನಡವಳಿ ಪುಸ್ತಕದವರೆಗೆ ತಲುಪುವುದಿಲ್ಲ. ರಾಜ್ಯದ ಪಂಚಾಯತಿಗಳಲ್ಲಿ ಶೇ. 50ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಮಾತಿನ ಸರದಿಗೆ ಅಂತಹ ಮೀಸಲಾತಿ ಇಲ್ಲ.

ಈ ತೊಡಕಿಗೆ ಹೊರದೇಶಗಳಲ್ಲಿ ಬಹು ಹಿಂದೆಯೇ ಉಪಾಯ ಹುಡುಕಲಾಗಿದೆ. 1968ರಲ್ಲಿ ಜರ್ಮನಿಯ ಬರ್ಂಡ್ ರೋರ್ಬಾಖ್ ಅವರು 6 ಜನ, ತಲಾ 3 ವಿಚಾರ, 5 ನಿಮಿಷ ಎಂಬ ಬರವಣಿಗೆಯ ಕ್ರಮವನ್ನು ಪ್ರಕಟಿಸಿದರು. ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ 6 ಸುತ್ತು ಮುಗಿಸಿದರೆ ಅರ್ಧ ಗಂಟೆಯಲ್ಲಿ 108 ವಿಚಾರಗಳು ದೊರೆಯುತ್ತವೆ. ಅಮೆರಿಕದ ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ 1971ರಲ್ಲಿ ವಿವರಿಸಿದ ಕ್ರಮದಲ್ಲಿ ಮೌನವಾಗಿ ಬರೆಯುವುದು, ಓದುವುದು, ಸ್ಪಷ್ಟಪಡಿಸಿಕೊಳ್ಳುವುದು, ಬಳಿಕ ಆದ್ಯತೆ ನೀಡುವುದು ಎಂಬ ಹಂತಗಳಿವೆ. ಪಂಚಾಯತಿಗೆ ಈ ಎರಡನೆಯದೇ ಹೆಚ್ಚು ಹೊಂದುತ್ತದೆ. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗುವುದರಿಂದಲೇ ಗುಂಪಿನಲ್ಲಿ ವಿಚಾರಗಳು ಕಡಿಮೆಯಾಗುತ್ತವೆ ಎಂಬುದನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಪ್ರಯೋಗಗಳಿಂದ ತೋರಿಸಿದರು.

ಪ್ರಶ್ನೆಯನ್ನು ರೂಪಿಸುವುದರಲ್ಲಿಯೇ ಅರ್ಧ ಕೆಲಸವಿದೆ. "ಊರಿನ ಅಭಿವೃದ್ಧಿಗೆ ಏನು ಬೇಕು?" ಎಂದು ಕೇಳಿದರೆ ಹಳೆಯ ಪಟ್ಟಿಯೇ ಮರಳಿ ಬರುತ್ತದೆ. "ಬರುವ ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಕುಡಿಯುವ ನೀರು ತಪ್ಪದಿರಲು ಮಾರ್ಚ್ ಒಳಗೆ ಏನಾಗಬೇಕು?" ಎಂದು ಕೇಳಿದರೆ ಉತ್ತರಗಳು ಬೇರೆಯಾಗುತ್ತವೆ. ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ನೀಡಿ, ಹೆಸರಿಲ್ಲದೆ, ಚೀಟಿಗೊಂದರಂತೆ ವಿಷಯ ಬರೆಯಲು ಹತ್ತು ನಿಮಿಷ ಕೊಡಬೇಕು. ಆ ಅವಧಿಯಲ್ಲಿ ಅಧ್ಯಕ್ಷರೂ ತಮ್ಮ ಅಭಿಪ್ರಾಯ ಹೇಳದೆ ಚೀಟಿಯಲ್ಲಿಯೇ ಬರೆಯತಕ್ಕದ್ದು. ನೀರುಗಂಟಿಗೂ ಚೀಟಿ ಕೊಡುವುದು ಒಳ್ಳೆಯದು. ಯಾವ ವಾಲ್ವ್ ಸೋರುತ್ತದೆಂಬುದು ಅವರಿಗೆ ತಿಳಿದಿರುತ್ತದೆ, ಆದರೆ ಸಭೆಯಲ್ಲಿ ಅವರನ್ನು ಕೇಳುವವರು ಕಡಿಮೆ.

ಬರೆಯಲು ಬಾರದ ಸದಸ್ಯರು ಸಭೆಗೆ ಮೊದಲೇ ತಾವು ನಂಬುವ ಅಂಗನವಾಡಿ ಕಾರ್ಯಕರ್ತೆಯಿಂದಲೋ ಗ್ರಂಥಾಲಯ ಮೇಲ್ವಿಚಾರಕರಿಂದಲೋ ಪ್ರತ್ಯೇಕವಾಗಿ ಬರೆಸಬಹುದು. ಸದಸ್ಯೆಯ ಪರವಾಗಿ ಪತಿಯೇ ಬರೆಯುವುದು ಮಾತ್ರ ಸಲ್ಲದು. ಹಾಗಾದರೆ ಚೀಟಿ ಕೊಟ್ಟೂ ಪ್ರಯೋಜನವಿಲ್ಲ.

ಮೂಲ ಕ್ರಮದಲ್ಲಿ ಅವರವರ ವಿಚಾರವನ್ನು ಅವರವರೇ ಓದುತ್ತಾರೆ. ಎಲ್ಲರೂ ಎಲ್ಲರಿಗೂ ಬಳಗವಾಗಿರುವ ಊರಿನಲ್ಲಿ ಚೀಟಿಗಳನ್ನು ಕಲಸಿ ಕಾರ್ಯದರ್ಶಿಯವರೇ ಓದುವುದು ಲೇಸು. ಒಂದೇ ಅರ್ಥದವುಗಳನ್ನು ಸಭೆಯ ಒಪ್ಪಿಗೆಯಿಂದ ಕೂಡಿಸಿ, ತಿಳಿಯದಿದ್ದುದನ್ನು ಕೇಳಿ ತಿಳಿದುಕೊಳ್ಳಬೇಕು. ವಾದಕ್ಕೆ ಇದು ಸಮಯವಲ್ಲ. ಬಳಿಕ ವಿಷಯಕ್ಕೊಂದು ಡಬ್ಬಿಯಿಟ್ಟು, ಪ್ರತಿಯೊಬ್ಬರಿಗೂ ಮೂರು ಕಡಲೆ ಕಾಳು ನೀಡಿ, ಮೂರು ಬೇರೆ ಬೇರೆ ಡಬ್ಬಿಗಳಲ್ಲಿ ಒಂದೊಂದನ್ನು ಹಾಕಲು ತಿಳಿಸಬಹುದು. ಡಬ್ಬಿಗೆ ಮುಚ್ಚಳವಿರಲಿ. ತೆರೆದಿಟ್ಟರೆ ಹಿರಿಯರ ಕಾಳು ಬಿದ್ದ ಕಡೆಗೇ ಉಳಿದವರ ಕೈ ಹೋಗುತ್ತದೆ. ಓದಲು ಬಾರದವರಿಗಾಗಿ ಡಬ್ಬಿಯ ಮೇಲೆ ನಲ್ಲಿ, ಗಟಾರ, ಶಾಲೆಯ ಚಿತ್ರ ಬರೆದರೆ ಸಾಕು.

ಕಾಳಿನ ಎಣಿಕೆಯು ಠರಾವು ಅಲ್ಲ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳ ಬೇಡಿಕೆಗಳೊಡನೆ ಇದನ್ನೂ ಸಾಮಾನ್ಯ ಸಭೆಯ ಮುಂದಿಡಬೇಕು. ಫಲಾನುಭವಿಗಳ ಆಯ್ಕೆಗೆ ಈ ವಿಧಾನವನ್ನು ಬಳಸಬಾರದು. ಅದು ಗ್ರಾಮ ಸಭೆಯ ಅಧಿಕಾರ. ಇನ್ನೊಂದು ಅಪಾಯವೂ ಉಂಟು. ಒಂದೇ ಕೇರಿಗೆ ಸೇರಿದ ಸಮಸ್ಯೆಗೆ ಆ ಕೇರಿಯ ಒಬ್ಬಿಬ್ಬರು ಸದಸ್ಯರ ಕಾಳು ಮಾತ್ರ ಬೀಳಬಹುದು. ಕಡಿಮೆ ಕಾಳು ಬಿದ್ದ ಚೀಟಿಗಳನ್ನೂ ಆದಕಾರಣ ಹರಿದು ಹಾಕದೆ ಸಭೆಯಲ್ಲಿ ಓದಿ, ಕೈಬಿಡುವುದಾದರೆ ಅದರ ಕಾರಣವನ್ನು ನಡವಳಿಯಲ್ಲಿ ದಾಖಲಿಸತಕ್ಕದ್ದು.