ಮೆಮೊರಿ ಖಾಲಿ ಇದ್ದರೆ ಡಿಸ್ಕ್ ಓದು ಚುರುಕಾಗುತ್ತದೆಯೇ?

ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದರೆ ಲಿನಕ್ಸ್ ನೋಡಿಕೊಳ್ಳುವವರು ಮೊದಲು ಕೊಡುವ ಆಜ್ಞೆ ‘ಫ್ರೀ’. 16 ಜಿಬಿ ಮೆಮೊರಿಯಲ್ಲಿ ಖಾಲಿ ಉಳಿದಿರುವುದು 300 ಎಂಬಿ ಎಂದು ಕಂಡರೆ ಎದೆ ಧಸಕ್ಕೆನ್ನುತ್ತದೆ. ಯಾವುದೋ ಪ್ರೋಗ್ರಾಂ ಎಲ್ಲವನ್ನೂ ನುಂಗಿಬಿಟ್ಟಿದೆ ಎಂದುಕೊಂಡು, ಗಂಟೆಗೊಮ್ಮೆ ಕ್ಯಾಶ್ ತೆರವು ಮಾಡುವ ಒಂದು ಸಾಲನ್ನು ಕ್ರಾನ್‌ನಲ್ಲಿ ಬರೆದಿಡುತ್ತಾರೆ. ಅಂಥ ಸಾಲುಗಳನ್ನು ಹುಡುಕಿ ಅಳಿಸುವುದೇ ನನಗೆ ಎಷ್ಟೋ ಸಲ ದಿನದ ಮೊದಲ ಕೆಲಸವಾಗಿದೆ. ಒಳ್ಳೆಯ ಉದ್ದೇಶದಿಂದ ಮಾಡುವ ಈ ಶುಚಿಕಾರ್ಯ ಡಿಸ್ಕ್ ಓದನ್ನು ನಿಧಾನ ಮಾಡುತ್ತದೆ.

ಪ್ರೋಗ್ರಾಂ ಒಂದು ಕಡತವನ್ನು ಓದಲು ಕೇಳಿದಾಗ ಕರ್ನಲ್ ಅದನ್ನು ಸಾಮಾನ್ಯವಾಗಿ 4 ಕೆಬಿಯ ಪುಟಗಳಾಗಿ ತನ್ನ ಪೇಜ್ ಕ್ಯಾಶ್‌ಗೆ ತಂದುಕೊಂಡು, ಅಲ್ಲಿಂದ ಪ್ರತಿ ಕೊಡುತ್ತದೆ. ಪ್ರೋಗ್ರಾಂ ಮುಗಿದು ಹೋದರೂ ಆ ಪುಟಗಳು ಅಲ್ಲೇ ಇರುತ್ತವೆ. ಮುಂದೆ ಯಾರು ಅದೇ ಕಡತ ಕೇಳಿದರೂ ಡಿಸ್ಕಿನ ಮುಖ ನೋಡುವ ಅಗತ್ಯವಿಲ್ಲ. ಬೇರೆ ಕೆಲಸಕ್ಕೆ ಮೆಮೊರಿ ಬೇಕಾಯಿತೋ, ಮೂಲ ಡಿಸ್ಕಿನಲ್ಲಿ ಭದ್ರವಾಗಿರುವುದರಿಂದ ಈ ಪುಟಗಳನ್ನು ಕರ್ನಲ್ ತಕ್ಷಣ ಕೈಬಿಡಬಲ್ಲದು. ಹಾಗಾಗಿ ನೋಡಬೇಕಾದ್ದು ‘ಫ್ರೀ’ ಎಂಬ ಕಾಲಂ ಅಲ್ಲ, ‘ಅವೈಲಬಲ್’ ಎಂಬುದು. ಈ ಅಂದಾಜನ್ನು ಕರ್ನಲ್ ತಾನೇ ಲೆಕ್ಕ ಹಾಕಿ ಕೊಡತೊಡಗಿದ್ದು 2014ರ 3.14ನೇ ಆವೃತ್ತಿಯಿಂದ.

ಕ್ಯಾಶ್ ಕಳೆದುಕೊಂಡರೆ ಎಷ್ಟು ನಷ್ಟ? ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅದರ ಅರ್ಧ. ಹೆಡ್ ಸರಿಯುವುದಕ್ಕೆ ಇನ್ನೂ 8–9 ಮಿಲಿಸೆಕೆಂಡ್. ಅಂದರೆ ಚದುರಿದ ಓದು ಸೆಕೆಂಡಿಗೆ ಎಂಬತ್ತರ ಆಸುಪಾಸು ಮಾತ್ರ. ಒಂದೊಂದರಲ್ಲಿ 4 ಕೆಬಿ ಸಿಕ್ಕರೆ ಒಟ್ಟು 320 ಕೆಬಿ! ಅದೇ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಮೀರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಒಂದು ಓದಿಗೆ ಸುಮಾರು 100 ಮೈಕ್ರೋಸೆಕೆಂಡ್ ಸಾಕು. ಆದರೂ ಸುಮಾರು 100 ನ್ಯಾನೋಸೆಕೆಂಡಿನಲ್ಲಿ ಉತ್ತರ ಕೊಡುವ ಮೆಮೊರಿಯ ಮುಂದೆ ಅದು ಸಾವಿರ ಪಟ್ಟು ನಿಧಾನ. ಎಸ್‌ಎಸ್‌ಡಿ ಹಾಕಿದ ಮೇಲೆ ಕ್ಯಾಶಿನ ಚಿಂತೆ ಬೇಡ ಎನ್ನುವವರು ಈ ಸಾವಿರವನ್ನು ಮರೆತಿರುತ್ತಾರೆ.

ಯಂತ್ರ ವೇಗವಾದರೆ ಓದೂ ವೇಗವಾಗುತ್ತದೆ ಎಂಬ ನಂಬಿಕೆಯನ್ನು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಕರ್ಕ್ ಮೆಕ್‌ಕ್ಯೂಸಿಕ್ ಮತ್ತು ಸಂಗಡಿಗರು ಬಹಳ ಹಿಂದೆಯೇ ಅಲ್ಲಾಡಿಸಿದ್ದರು. ಹಳೆಯ ಯೂನಿಕ್ಸ್ ಕಡತ ವ್ಯವಸ್ಥೆ ಹೊಸದಾಗಿದ್ದಾಗ ಸೆಕೆಂಡಿಗೆ 175 ಕೆಬಿವರೆಗೆ ಕೊಡುತ್ತಿತ್ತು. ಕೆಲವೇ ವಾರ ಬಳಸಿದ ಮೇಲೆ ಅದು 30 ಕೆಬಿಗೆ ಕುಸಿಯುತ್ತಿತ್ತು ಎಂದು ಅವರ 1984ರ ಪ್ರಬಂಧ ಹೇಳುತ್ತದೆ. ಡಿಸ್ಕ್ ಅದೇ, ತಂತಿ ಅದೇ. ಕಡತಗಳು ಹುಟ್ಟಿ ಅಳಿಸಿಹೋಗುತ್ತ ಬ್ಲಾಕುಗಳು ದಿಕ್ಕಾಪಾಲಾಗಿದ್ದವು, ಅಷ್ಟೆ. ಬ್ಲಾಕ್ ದೊಡ್ಡದು ಮಾಡಿ, ಒಂದೇ ಕಡತದ ತುಂಡುಗಳನ್ನು ಹತ್ತಿರ ಹತ್ತಿರ ಇಟ್ಟದ್ದೇ ಅವರ ಪರಿಹಾರ. ಡಿಸ್ಕ್ ಸಾಮರ್ಥ್ಯದ 4% ಮಾತ್ರ ಬಳಕೆಯಾಗುತ್ತಿದ್ದ ಕಡೆ 47%ವರೆಗೂ ಬಳಕೆಯಾಯಿತು. ಒಂದು ಸ್ಕ್ರೂ ಕೂಡ ಬದಲಿಸದೆ ತಂತ್ರಾಂಶ ಇಷ್ಟು ಮಾಡಿತು ಎಂಬುದು ನನಗೆ ಈಗಲೂ ರೋಮಾಂಚನ ತರುತ್ತದೆ.

ಕೇಳಿದಷ್ಟನ್ನೇ ಕರ್ನಲ್ ಓದುತ್ತದೆ ಎಂಬುದೂ ನಿಜವಲ್ಲ. ಪಂಕ್ತಿಯಲ್ಲಿ ಬಡಿಸುವ ಅನುಭವಿಯನ್ನು ನೋಡಿ. ನೀವು ಸಾರನ್ನ ಮುಗಿಸುತ್ತಿದ್ದೀರಿ ಎಂಬುದನ್ನು ಗಮನಿಸಿ ಹುಳಿ ಹಿಡಿದು ಹೊರಟಿರುತ್ತಾನೆ, ಕೇಳುವವರೆಗೆ ಕಾಯುವುದಿಲ್ಲ. ಪ್ರೋಗ್ರಾಂ ಕಡತವನ್ನು ಸಾಲಾಗಿ ಓದುತ್ತಿದೆ ಎಂದು ಕಂಡರೆ ಕರ್ನಲ್ ಕೂಡ ಮುಂದಿನ ಪುಟಗಳನ್ನು ಮೊದಲೇ ತರಿಸುತ್ತದೆ. ಇದೇ ರೀಡ್-ಅಹೆಡ್. ಚಿಕ್ಕ ತುಂಡಿನಿಂದ ಶುರುಮಾಡಿ, ಊಹೆ ನಿಜವಾದಂತೆಲ್ಲ ತುಂಡನ್ನು ಹಿಗ್ಗಿಸುತ್ತದೆ. ಲಿನಕ್ಸ್‌ನಲ್ಲಿ ವಾಡಿಕೆಯ ಮಿತಿ 128 ಕೆಬಿ. ತಂದ ಪುಟಗಳ ನಡುವೆ ಒಂದಕ್ಕೆ ಗುರುತು ಹಾಕಿರುತ್ತದೆ. ಓದು ಅಲ್ಲಿಗೆ ಮುಟ್ಟಿದೊಡನೆ ಮುಂದಿನ ಕಂತು ಹೊರಡುತ್ತದೆ. ಎಲ್ಲ ಸರಿಯಾಗಿ ಹೊಂದಿದಾಗ ಪ್ರೋಗ್ರಾಂಗೆ ಡಿಸ್ಕಿಗಾಗಿ ಕಾಯುವ ಪ್ರಸಂಗವೇ ಬರುವುದಿಲ್ಲ.

ಇದು ತಿಳಿದವರು ಮಿತಿಯನ್ನು ಹಲವು ಎಂಬಿಗೆ ಏರಿಸಿಬಿಡುತ್ತಾರೆ. ದೊಡ್ಡ ವಿಡಿಯೊ, ಬ್ಯಾಕಪ್, ಹಲವು ಡಿಸ್ಕುಗಳ ರೇಡ್ ಇದ್ದಲ್ಲಿ ಏರಿಸುವುದರಲ್ಲಿ ಅರ್ಥವಿದೆ. ಅಲ್ಲೊಂದು ಇಲ್ಲೊಂದು ದಾಖಲೆ ತೆಗೆಯುವ ಡೇಟಾಬೇಸಿಗೆ ಮಾತ್ರ ಇದು ಹಸಿವಿಲ್ಲದವನ ಎಲೆಗೆ ಸುರಿದ ಅನ್ನ. ಬೇಡದ ಪುಟಗಳು ಡಿಸ್ಕಿನ ಸಮಯ ತಿನ್ನುವುದಲ್ಲದೆ, ಬೇಕಾದ ಪುಟಗಳನ್ನು ಕ್ಯಾಶಿನಿಂದ ಹೊರದೂಡುತ್ತವೆ. ಊಹಿಸುವ ಬದಲು ಹೇಳಿಬಿಡುವ ದಾರಿಯೂ ಇದೆ: ಪೋಸಿಕ್ಸ್ ಎಫ್‌ಅಡ್ವೈಸ್ ಎಂಬ ಕರೆಯ ಮೂಲಕ ಪ್ರೋಗ್ರಾಂ ತನ್ನ ಓದು ಸಾಲಾಗಿದೆಯೋ ಚದುರಿದೆಯೋ ಎಂದು ತಿಳಿಸಬಹುದು. ಸಾಲು ಎಂದರೆ ಲಿನಕ್ಸ್ ಮಿತಿಯನ್ನು ಇಮ್ಮಡಿಸುತ್ತದೆ, ಚದುರಿದ್ದು ಎಂದರೆ ಮುಂಗಡ ಓದನ್ನೇ ನಿಲ್ಲಿಸುತ್ತದೆ. ಇಷ್ಟು ಸುಲಭದ ಸೌಕರ್ಯವನ್ನು ಬಳಸುವವರು ಕಡಿಮೆ ಎಂಬುದು ನನ್ನ ಬೇಸರ.

ಓದುವುದರಿಂದ ಬರೆಯುವ ಕೆಲಸ ಹುಟ್ಟುವುದಿಲ್ಲ ಎಂದುಕೊಳ್ಳುತ್ತೇವೆ. ಆದರೆ ಕಡತವನ್ನು ಕೊನೆಗೆ ಓದಿದ ಸಮಯ ದಾಖಲಿಸುವ ಯೂನಿಕ್ಸ್ ಪದ್ಧತಿಯಿಂದಾಗಿ ಹಿಂದೆ ಪ್ರತಿ ಓದೂ ಒಂದು ಬರಹಕ್ಕೆ ಕಾರಣವಾಗಬಹುದಿತ್ತು. 2009ರ 2.6.30ನೇ ಆವೃತ್ತಿಯಲ್ಲಿ, ಆ ಸಮಯವನ್ನು ಪ್ರತಿ ಓದಿಗೂ ಬರೆಯದ ‘ರೆಲ್‌ಎಟೈಮ್’ ವಾಡಿಕೆಯಾದ ಮೇಲೆ ಆ ಹೊರೆ ಬಹುಪಾಲು ಇಳಿಯಿತು. ಇನ್ನು ಡಿಸ್ಕಿಗೆ ಹೋಗುವ ಕೋರಿಕೆಗಳ ಸರದಿ ನಿರ್ಧರಿಸುವ ಶೆಡ್ಯೂಲರ್ ಬದಲಿಸಿದರೆ ಪವಾಡ ನಡೆಯುತ್ತದೆ ಎಂಬ ಮಾತು ತಿರುಗುವ ಡಿಸ್ಕುಗಳ ಕಾಲದ್ದು. ಸಿಎಫ್‌ಕ್ಯು ಎಂಬ ಹಳೆಯ ಶೆಡ್ಯೂಲರ್ 2019ರ 5.0ರಲ್ಲೇ ಕರ್ನಲ್‌ನಿಂದ ಹೊರಬಿತ್ತು. ವೇಗದ ಎನ್‌ವಿಎಂಇ ಡಿಸ್ಕಿಗೆ ಸಾಮಾನ್ಯವಾಗಿ ಶೆಡ್ಯೂಲರೇ ಬೇಡ.

ಕೊನೆಗೆ ಅಳತೆಯ ಮಾತು. ಏನೋ ಒಂದು ಸೆಟ್ಟಿಂಗ್ ಬದಲಿಸಿ, ಅದೇ ಕಡತವನ್ನು ಮತ್ತೆ ಓದಿಸಿ, ಹತ್ತು ಪಟ್ಟು ವೇಗವಾಯಿತೆಂದು ಸಂತೋಷಪಡುವವರನ್ನು ಕಂಡಿದ್ದೇನೆ. ಎರಡನೆಯ ಓದು ಮೆಮೊರಿಯಿಂದ ಬಂದಿತ್ತು, ಸೆಟ್ಟಿಂಗಿನ ಪಾತ್ರ ಅದರಲ್ಲಿರಲಿಲ್ಲ. ಕ್ಯಾಶ್ ತೆರವು ಮಾಡುವ ಆಜ್ಞೆಗೆ ನಿಜವಾದ ಜಾಗ ಇಲ್ಲಿದೆ: ಮೊದಲು ‘ಸಿಂಕ್’, ಆಮೇಲೆ ತೆರವು, ಆಮೇಲೆ ಅಳತೆ. ತಣ್ಣಗಿನ ಕ್ಯಾಶಿನಲ್ಲಿ ಒಮ್ಮೆ, ಬೆಚ್ಚಗಿನದರಲ್ಲಿ ಒಮ್ಮೆ ಅಳೆದು ಎರಡನ್ನೂ ಬರೆದಿಡಿ. ಈಗ ತಾನೇ ಬೂಟ್ ಆದ ಯಂತ್ರಕ್ಕೆ ಮೊದಲ ಸಂಖ್ಯೆ ಅನ್ವಯಿಸುತ್ತದೆ, ಮೂರು ತಿಂಗಳಿಂದ ಓಡುತ್ತಿರುವ ಡೇಟಾಬೇಸಿಗೆ ಎರಡನೆಯದು.