ಕಪ್ಪೆಚಿಪ್ಪು ಹೇಳುವುದೇನು, ಹೇಳದಿರುವುದೇನು

ಸೀಸ, ಕ್ಯಾಡ್ಮಿಯಂ, ಪಾದರಸದಂಥ ಭಾರಲೋಹಗಳು ಕೆರೆಯಲ್ಲಿವೆಯೇ ಎಂದು ತಿಳಿಯಲು ಒಂದು ಬಾಟಲಿ ನೀರಿನ ಪರೀಕ್ಷೆ ಸಾಕು ಎಂಬ ನಂಬಿಕೆಯಿದೆ. ಆ ಬಾಟಲಿ ಹೇಳುವುದು ನೀರು ತುಂಬಿಕೊಂಡ ಗಳಿಗೆಯ ಸ್ಥಿತಿಯನ್ನಷ್ಟೇ. ರಾತ್ರಿ ರಾಜಕಾಲುವೆಗೆ ಬಿಟ್ಟ ತ್ಯಾಜ್ಯ ಬೆಳಗಾಗುವಷ್ಟರಲ್ಲಿ ಹರಿದುಹೋಗಿರಬಹುದು, ಹೂಳಿಗೆ ಇಳಿದಿರಬಹುದು. ಕಪ್ಪೆಚಿಪ್ಪಿನ ಜೀವಿಯಾದರೋ ಕೆಸರಿನಲ್ಲಿ ಅರ್ಧ ಹೂತುಕೊಂಡು, ನೀರು ಸೋಸುತ್ತ, ಬಂದ ಲೋಹವನ್ನು ತಿಂಗಳುಗಟ್ಟಲೆ ಮೈಯಲ್ಲಿ ಕೂಡಿಡುತ್ತದೆ. ಕರಾವಳಿಯ ಮಾಲಿನ್ಯವನ್ನು ಇಂಥ ಜೀವಿಗಳ ಮೂಲಕ ಅಳೆಯುವ ‘ಮಸಲ್ ವಾಚ್’ ಯೋಜನೆಯನ್ನು ಅಮೆರಿಕದ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಮುಂದಿಟ್ಟದ್ದು ಇದೇ ಕಾರಣಕ್ಕೆ. ಒಳನಾಡಿನ ಕೆರೆಗಳಲ್ಲಿ ಈ ಕೆಲಸಕ್ಕೆ ಒದಗುವುದು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್ ಎಂಬ ಸಿಹಿನೀರಿನ ಕಪ್ಪೆಚಿಪ್ಪು.

ಬಯೋಮಾರ್ಕರ್ ಎಂದರೆ ಮೈಯಲ್ಲಿರುವ ಲೋಹದ ಪ್ರಮಾಣ ಎಂದು ಹಲವರು ತಿಳಿದಿದ್ದಾರೆ. ಅದು ಪ್ರಮಾಣವಲ್ಲ, ಲೋಹಕ್ಕೆ ದೇಹ ತೋರುವ ಪ್ರತಿಕ್ರಿಯೆ. ಲೋಹ ಒಳಹೊಕ್ಕಾಗ ಜೀವಕೋಶಗಳು ಮೆಟಲೋಥಯೋನಿನ್ ಎಂಬ ಪುಟ್ಟ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ; ಅದರಲ್ಲಿರುವ ಗಂಧಕ ಕ್ಯಾಡ್ಮಿಯಂ, ತಾಮ್ರ, ಸತುವನ್ನು ಹಿಡಿದು ಕಟ್ಟಿಹಾಕುತ್ತದೆ. ಈ ಪ್ರೋಟೀನು 1957ರಲ್ಲಿ ಮೊದಲು ಸಿಕ್ಕಿದ್ದು ಕುದುರೆಯ ಮೂತ್ರಪಿಂಡದಲ್ಲಿ! ಇನ್ನೊಂದು ಪರೀಕ್ಷೆ ಕಣ್ಣಿಗೇ ಕಾಣುವಂಥದ್ದು. ಚಿಪ್ಪು ಮುಚ್ಚುವ ಸ್ನಾಯುವಿನಿಂದ ಸಿರಿಂಜಿನಲ್ಲಿ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ನ್ಯೂಟ್ರಲ್ ರೆಡ್ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಆರೋಗ್ಯವಂತ ಕೋಶದಲ್ಲಿ ಕೆಂಪು ಬಣ್ಣ ಲೈಸೋಸೋಮ್ ಎಂಬ ಚೀಲಗಳೊಳಗೇ ಬಹಳ ಹೊತ್ತು ನಿಲ್ಲುತ್ತದೆ; ನೊಂದ ಕೋಶದಲ್ಲಿ ಬೇಗನೆ ಸೋರಿ ಸುತ್ತ ಹರಡುತ್ತದೆ.

ಹಾಗೆಂದು ಈ ಗುರುತುಗಳು ಅಪರಾಧಿಯ ಹೆಸರನ್ನೂ ಹೇಳುತ್ತವೆ ಎಂದುಕೊಳ್ಳುವುದು ಅತಿಯಾಯಿತು. ಬಣ್ಣ ಸೋರುವುದಕ್ಕೆ ಕೀಟನಾಶಕವೋ ತೈಲವೋ ಕಾರಣವಾಗಬಹುದು. ಮೆಟಲೋಥಯೋನಿನ್ ಬಿಸಿಲು, ಸಂತಾನಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಅದೇ ಋತುವಿನಲ್ಲಿ, ಶುದ್ಧ ಕೆರೆಯಿಂದ ತಂದ ಅದೇ ಗಾತ್ರದ ಚಿಪ್ಪುಗಳೊಂದಿಗೆ ಹೋಲಿಸದಿದ್ದರೆ ಅಂಕಿಗಳಿಗೆ ಬೆಲೆಯಿಲ್ಲ. ಜೊತೆಗೆ ಲೋಹದ ನೇರ ಅಳತೆಯೂ ಬೇಕು.

ಮೀನು ಸತ್ತು ತೇಲಿದರೆ ಲೋಹವಿಷ, ಬದುಕಿದ್ದರೆ ನೀರು ಶುದ್ಧ ಎಂಬ ಲೆಕ್ಕವೂ ತಪ್ಪು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗ ಮುಖ್ಯವಾಗಿ ಕಂಡುಬಂದದ್ದು ಕೊಳಚೆ ಸೇರಿ ಆಮ್ಲಜನಕ ಕುಸಿದದ್ದು. ಲೋಹ ಸಾಮಾನ್ಯವಾಗಿ ಸದ್ದಿಲ್ಲದೆ, ನಿಧಾನವಾಗಿ ಕೆಡಿಸುತ್ತದೆ. ಕೋಶದಲ್ಲಿ ಮೊದಲೇ ಕಾಣುವ ಗುರುತುಗಳಿಗೆ ಬೆಲೆ ಬಂದಿರುವುದು ಅದಕ್ಕೇ.

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬರುವ ಸಮುದ್ರದ ಚಿಪ್ಪುಮೀನನ್ನು ಪರೀಕ್ಷಿಸಿದರೆ ಹಲಸೂರಿನ ಸಂಗತಿ ತಿಳಿಯದು. ತಿಳಿಯುವುದು ಅದು ಬೆಳೆದ ಅಳಿವೆಯ ಸಂಗತಿ. ಬೇಯುವಾಗ ಬಾಯಿ ತೆರೆದ ಚಿಪ್ಪಿನಲ್ಲಿ ವಿಷವಿಲ್ಲ ಎಂಬ ಅಡುಗೆಮನೆಯ ಪರೀಕ್ಷೆಗೂ ಲೋಹಕ್ಕೂ ಸಂಬಂಧವಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕ್ಯಾಡ್ಮಿಯಂ ನಾಶವಾಗದು. ತಿನ್ನಲು ಯೋಗ್ಯವೇ ಎಂಬುದನ್ನು ನಿರ್ಧರಿಸುವುದು ಬಯೋಮಾರ್ಕರ್ ಅಲ್ಲ, ಮಾಂಸದಲ್ಲಿರುವ ಲೋಹದ ಅಳತೆ: ಸಿಂಪಿ, ಸ್ಕ್ಯಾಲಪ್ ಬಿಟ್ಟು ಉಳಿದ ಸಮುದ್ರದ ಚಿಪ್ಪುಜೀವಿಗಳಿಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ವಿಧಿಸಿರುವ ಕ್ಯಾಡ್ಮಿಯಂ ಮಿತಿ ಕಿಲೋಗೆ 2 ಮಿಲಿಗ್ರಾಂ.